ಬಾಡಿಗೆ ಮನೆಯಲ್ಲಿ ನಿಮ್ಮ ಹಕ್ಕು: ಬೀಗದ ಕೈ ಸಿಕ್ಕ ದಿನದಿಂದ ಅಡ್ವಾನ್ಸ್ ವಾಪಸ್ ಬರುವವರೆಗೆ

ಹಿಂದೆ ಒಂದು ಬಾಡಿಗೆ ಮನೆ ಬಿಡುವಾಗ ನನ್ನ ಅಡ್ವಾನ್ಸಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹಿಡಿದುಕೊಂಡರು. ಕಾರಣ, ಅಡುಗೆಮನೆ ಕಿಟಕಿ ಕೆಳಗಿದ್ದ ತೇವದ ಕಲೆ. ಆ ಕಲೆ ನಾನು ಬರುವ ಮೊದಲೇ ಇತ್ತು. ನನಗೆ ಗೊತ್ತು, ಓನರಿಗೂ ಗೊತ್ತು. ತೋರಿಸೋಣ ಎಂದರೆ ನನ್ನ ಹತ್ತಿರ ಒಂದೇ ಒಂದು ಫೋಟೋ ಇರಲಿಲ್ಲ. ವಾದ ಮಾಡಿ ಸುಸ್ತಾಗಿ, ಕೊಟ್ಟಷ್ಟು ತೆಗೆದುಕೊಂಡು ಬಂದೆ. ಆಮೇಲೆ ಕೂತು ಕಾನೂನು ಓದಿದೆ. ಓದಿದ ಮೇಲೆ ಹೊಟ್ಟೆ ಇನ್ನೂ ಉರಿಯಿತು, ಯಾಕೆಂದರೆ ಕಾನೂನು ನನ್ನ ಕಡೆಗೇ ಇತ್ತು. ಪುರಾವೆ ಮಾತ್ರ ಇರಲಿಲ್ಲ.

ಬಾಡಿಗೆ ಕಾನೂನು ದೇಶಕ್ಕೊಂದು, ಕೆಲವು ಕಡೆ ರಾಜ್ಯಕ್ಕೊಂದು, ಇನ್ನು ಕೆಲವು ಕಡೆ ನಗರಕ್ಕೊಂದು. ಆದರೆ ಬಾಡಿಗೆದಾರರು ಕೇಳುವ ಪ್ರಶ್ನೆಗಳು ಎಲ್ಲ ಕಡೆಯೂ ಅವೇ. ಅಡ್ವಾನ್ಸ್ ಎಷ್ಟು ಕೇಳಬಹುದು? ರಿಪೇರಿ ಯಾರದು? ಓನರು ಹೇಳದೆ ಕೇಳದೆ ಒಳಗೆ ಬರಬಹುದಾ? ನಾಳೆಯೇ ಖಾಲಿ ಮಾಡು ಅಂದರೆ ಮಾಡಬೇಕಾ? ಮನೆ ಸೇರುವ ದಿನದಿಂದ ಶುರು ಮಾಡಿ ಹೆಜ್ಜೆ ಹೆಜ್ಜೆಯಾಗಿ ನೋಡೋಣ. ನಡುವೆ ಬೇರೆ ಬೇರೆ ದೇಶಗಳ ಕಾನೂನಿನ ಉದಾಹರಣೆ ಕೊಡುತ್ತೇನೆ. ಅವನ್ನು ಹೋಲಿಸಿ ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ನೀವಿರುವ ಕಡೆಯ ಲೆಕ್ಕ ಬೇರೆಯೇ ಇರಬಹುದು.

ಹೆಜ್ಜೆ 1: ನಿಮಗೆ ಯಾವ ಕಾನೂನು ಅನ್ವಯ ಎಂದು ಪತ್ತೆ ಮಾಡಿ

ಇಂಟರ್ನೆಟ್‌ನಲ್ಲಿ ಹುಡುಕಿದ ತಕ್ಷಣ ಸಿಗುವ ಉತ್ತರ ಬೇರೆ ಯಾವುದೋ ಊರಿನದ್ದಾಗಿರುತ್ತದೆ. ಜನ ಎಡವುವುದು ಇಲ್ಲೇ. ಅಮೆರಿಕದಲ್ಲಿ ಬಾಡಿಗೆ ನಿಯಮಗಳನ್ನು ಬಹುತೇಕ ರಾಜ್ಯಗಳೇ ಮಾಡುತ್ತವೆ. ಕೆನಡಾದಲ್ಲಿ ಪ್ರಾಂತ್ಯಗಳು ಮಾಡುತ್ತವೆ. ಭಾರತದಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆ ತಳಪಾಯ. ಅದರ ಮೇಲೆ ಒಂದೊಂದು ರಾಜ್ಯದ ಬಾಡಿಗೆ ಕಾಯ್ದೆ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ತಂದಿತು. ಹೆಸರೇ ಹೇಳುವ ಹಾಗೆ ಅದು ಮಾದರಿ ಮಾತ್ರ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಳ್ಳುವವರೆಗೆ ಅಲ್ಲಿನ ಓನರನ್ನು ಅದು ಕಟ್ಟಿಹಾಕುವುದಿಲ್ಲ. "ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ" ಎಂದು ಅದನ್ನೇ ನಂಬಿ ವಾದಕ್ಕೆ ಇಳಿದವರು ಬಹಳ ಜನ.

ಎರಡನೆಯದು, ನೀವು ಕಾನೂನಿನ ಕಣ್ಣಲ್ಲಿ ಯಾರು ಎನ್ನುವುದು. ಇಡೀ ಮನೆಯನ್ನು ನಿಮ್ಮ ಸ್ವಾಧೀನಕ್ಕೆ ಕೊಟ್ಟರೆ ನೀವು ಬಾಡಿಗೆದಾರರು. ಓನರು ತಾನೂ ಅದೇ ಮನೆಯಲ್ಲಿದ್ದು ನಿಮಗೊಂದು ಕೋಣೆ ಕೊಟ್ಟಿದ್ದರೆ, ಅಥವಾ ಕಾಗದದಲ್ಲಿ "ಲೈಸೆನ್ಸ್" (ಸ್ವಾಧೀನ ಕೊಡದೆ, ಇರಲು ಅನುಮತಿ ಮಾತ್ರ) ಎಂದು ಬರೆದಿದ್ದರೆ, ರಕ್ಷಣೆ ಕಡಿಮೆ ಇರಬಹುದು. ಇಂಗ್ಲೆಂಡಿನಲ್ಲಿ ಓನರ ಜೊತೆ ಒಂದೇ ಮನೆಯಲ್ಲಿರುವವರಿಗೆ ಬೇರೆ ಬಾಡಿಗೆದಾರರಿಗಿರುವಷ್ಟು ರಕ್ಷಣೆ ಇಲ್ಲ. ಹೀಗಾಗಿ ಕಾಗದದ ತಲೆಬರಹವನ್ನೂ ಓದಿ. ಆದರೆ ತಲೆಬರಹವೇ ಕೊನೆಯ ಮಾತಲ್ಲ. ಜಗಳ ಕೋರ್ಟಿಗೆ ಹೋದರೆ, ನಿಜವಾಗಿ ಸ್ವಾಧೀನ ಯಾರ ಕೈಯಲ್ಲಿತ್ತು ಎಂದು ನ್ಯಾಯಾಧೀಶರು ಕೇಳುತ್ತಾರೆ.

ಎಲ್ಲಿ ಹುಡುಕಬೇಕು? ಸರ್ಕಾರದ ವಸತಿ ಇಲಾಖೆ ಅಥವಾ ಬಾಡಿಗೆ ಮಂಡಳಿಯ ವೆಬ್‌ಸೈಟ್ ಮೊದಲು. ಆಮೇಲೆ ಬಾಡಿಗೆದಾರರ ಸಂಘಗಳು. ಪರಿಚಯದವರ ಮಾತು ಕೊನೆಗೆ.

ಹೆಜ್ಜೆ 2: ಸಹಿ ಹಾಕುವ ಮೊದಲು

ದುಡ್ಡು ಕೊಡುವ ಮುಂಚೆ ಮನೆಯನ್ನು ಕಣ್ಣಾರೆ ನೋಡಿ. ಬಾಡಿಗೆಗೆ ಕೊಡುತ್ತಿರುವವರಿಗೆ ಕೊಡುವ ಅಧಿಕಾರ ಇದೆಯಾ ಎಂದು ಕೇಳಿ. ತೆರಿಗೆ ರಸೀದಿಯೋ ಕ್ರಯಪತ್ರದ ಪ್ರತಿಯೋ ತೋರಿಸಿ ಎನ್ನುವುದರಲ್ಲಿ ಮುಜುಗರ ಬೇಡ. ನಿಮ್ಮ ಗುರುತಿನ ಚೀಟಿ ಅವರು ಕೇಳುತ್ತಾರೆ ಅಲ್ವಾ?

ಕರಾರು ಪತ್ರ ಪೂರ್ತಿ ಓದಿ. ಬಾಡಿಗೆ ಎಷ್ಟು, ಯಾವ ತಾರೀಖಿಗೆ, ಅಡ್ವಾನ್ಸ್ ಎಷ್ಟು, ಎಷ್ಟು ದಿನದಲ್ಲಿ ವಾಪಸ್, ಅದರಲ್ಲಿ ಏನೇನು ಹಿಡಿದುಕೊಳ್ಳಬಹುದು, ಮನೆ ಬಿಡಲು ಎಷ್ಟು ದಿನ ಮೊದಲು ಹೇಳಬೇಕು, ಬಾಡಿಗೆ ಯಾವಾಗ ಏರುತ್ತದೆ, ನೀರು ಕರೆಂಟು ನಿರ್ವಹಣೆ ವೆಚ್ಚ ಯಾರದು. ಇದರಲ್ಲಿ ಯಾವುದಾದರೂ ಬಿಟ್ಟುಹೋಗಿದ್ದರೆ ಬರೆಸಿ. "ಅದೆಲ್ಲಾ ಬಾಯಲ್ಲಿ ಹೇಳಿದ್ದೀನಲ್ಲ" ಎಂದರೆ ನಗುತ್ತಲೇ "ಒಂದು ಸಾಲು ಸೇರಿಸಿಬಿಡೋಣ ಸಾರ್" ಎನ್ನಿ. ಭಾರತದಲ್ಲಿ 11 ತಿಂಗಳ ಕರಾರು ಇಷ್ಟು ಸಾಮಾನ್ಯ ಯಾಕೆ ಗೊತ್ತಾ? 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಒಂದು ತಿಂಗಳು ಕಡಿಮೆ ಬರೆಯುತ್ತಾರೆ. ದುಬೈನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಬಾಡಿಗೆ ಕರಾರುಗಳನ್ನು "ಇಜಾರಿ" ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಜಗಳ ಬಂದಾಗ ಆ ನೋಂದಣಿಯೇ ಮೊದಲ ಆಧಾರ.

ಒಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಕಾನೂನಿಗೆ ವಿರುದ್ಧವಾದ ಷರತ್ತಿಗೆ ನೀವು ಸಹಿ ಹಾಕಿದ್ದರೂ ಅದು ಹಲವು ಕಡೆ ನಿಲ್ಲುವುದಿಲ್ಲ. ಕೆನಡಾದ ಒಂಟಾರಿಯೊದಲ್ಲಿ "ಸಾಕುಪ್ರಾಣಿ ಇಡುವಂತಿಲ್ಲ" ಎಂಬ ಷರತ್ತು ಬಾಡಿಗೆ ಕರಾರಿನಲ್ಲಿ ಇದ್ದರೂ ಅದಕ್ಕೆ ಬೆಲೆ ಇಲ್ಲ. "ರಿಪೇರಿ ಎಲ್ಲ ಬಾಡಿಗೆದಾರನದ್ದೇ", "ಓನರು ಯಾವಾಗ ಬೇಕಾದರೂ ಬರಬಹುದು" ಎಂಬ ಸಾಲುಗಳನ್ನು ಕಂಡರೆ ಹೆದರಿ ಸುಮ್ನಾಗುವ ಮೊದಲು ನಿಮ್ಮ ಕಾನೂನು ಏನೆನ್ನುತ್ತದೆ ನೋಡಿ.

ಗೆಳೆಯರ ಜೊತೆ ಸೇರಿ ಮನೆ ಹಿಡಿಯುತ್ತಿದ್ದರೆ ಇನ್ನೊಂದು ಎಚ್ಚರಿಕೆ. ಎಲ್ಲರೂ ಒಂದೇ ಪತ್ರಕ್ಕೆ ಸಹಿ ಹಾಕಿದರೆ ಸಾಮಾನ್ಯವಾಗಿ ಒಬ್ಬೊಬ್ಬರೂ ಪೂರ್ತಿ ಬಾಡಿಗೆಗೆ ಹೊಣೆ. ಒಬ್ಬ ರಾತ್ರೋರಾತ್ರಿ ಗಂಟು ಕಟ್ಟಿದರೆ ಅವನ ಪಾಲೂ ನಿಮ್ಮ ತಲೆಗೇ.

ಹೆಜ್ಜೆ 3: ಸಾಮಾನು ಇಳಿಸುವ ಮೊದಲು ಅರ್ಧ ಗಂಟೆ

ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ. ಮನೆ ಖಾಲಿ ಇರುವಾಗಲೇ ವಿಡಿಯೋ ಮಾಡಿ. ಬಾಗಿಲಿನಿಂದ ಶುರು ಮಾಡಿ ನಿಧಾನವಾಗಿ ಒಂದೊಂದು ಕೋಣೆ. ಗೋಡೆ, ಚಾವಣಿ, ನೆಲ, ಕಿಟಕಿ ಗಾಜು. ನಲ್ಲಿ ತಿರುಗಿಸಿ ತೋರಿಸಿ. ಫ್ಲಶ್ ಒತ್ತಿ. ಎಲ್ಲ ಸ್ವಿಚ್ ಹಾಕಿ. ಸಿಂಕಿನ ಕೆಳಗೆ, ಬಾತ್‌ರೂಮಿನ ಮೂಲೆಯಲ್ಲಿ, ಕಪಾಟಿನ ಹಿಂದೆ ಫೋನ್ ಹಿಡಿಯಿರಿ. ತೇವ, ಬೂಸ್ಟು ಅಡಗುವುದು ಅಲ್ಲೇ. ಕರೆಂಟು ಮೀಟರ್, ನೀರಿನ ಮೀಟರ್ ಎರಡರ ಅಂಕಿಯ ಫೋಟೋ ಬೇರೆ ಬೇರೆ ತೆಗೆಯಿರಿ. ಹಿಂದಿನವರ ಬಿಲ್ ನಿಮ್ಮ ಮೇಲೆ ಬೀಳದಂತೆ ಅದೊಂದೇ ಕಾಯುತ್ತದೆ.

ಆಮೇಲೆ ಒಂದು ಪಟ್ಟಿ: ಯಾವ ಕೋಣೆ, ಏನು ಕೆಟ್ಟಿದೆ, ಎಲ್ಲಿ. ಅದನ್ನೂ ಮುಖ್ಯ ಫೋಟೋಗಳನ್ನೂ ಅದೇ ದಿನ ಓನರಿಗೆ ಮೇಲ್ ಅಥವಾ ಮೆಸೇಜ್ ಮಾಡಿ. "ಮನೆ ಹಸ್ತಾಂತರವಾದಾಗಿನ ಸ್ಥಿತಿ ಇದು, ನಿಮ್ಮ ಗಮನಕ್ಕೆ" ಎಂದರೆ ಸಾಕು. ಫೋಟೋ ನಿಮ್ಮ ಫೋನಿನಲ್ಲೇ ಇದ್ದರೆ ಅದು ನಿಮ್ಮ ಮಾತು ಮಾತ್ರ. ಅವರಿಗೂ ತಲುಪಿ, ಅವರು ಅಲ್ಲ ಎನ್ನದೆ ಸುಮ್ಮನಿದ್ದರೆ ಅದರ ತೂಕವೇ ಬೇರೆ. ಕ್ಯಾಲಿಫೋರ್ನಿಯಾದಲ್ಲಂತೂ 2025ರಿಂದ ಓನರುಗಳೇ ಫೋಟೋ ತೆಗೆದಿಡಬೇಕು ಎಂಬ ನಿಯಮ ಬಂದಿದೆ. ನನಗೆ ಇಷ್ಟವಾದ ಕಾನೂನುಗಳಲ್ಲಿ ಅದೂ ಒಂದು.

ಹೆಜ್ಜೆ 4: ಅಡ್ವಾನ್ಸ್ ಯಾರ ದುಡ್ಡು?

ನಿಮ್ಮದು. ಓನರ ಹತ್ತಿರ ಇರುವುದು ಭದ್ರತೆಗೆ ಮಾತ್ರ. ಕಾನೂನು ಇಲ್ಲಿ ಮೂರು ಪ್ರಶ್ನೆಗೆ ಉತ್ತರ ಹೇಳುತ್ತದೆ: ಎಷ್ಟು, ಎಲ್ಲಿ ಇಡಬೇಕು, ಯಾವಾಗ ವಾಪಸ್.

ಎಷ್ಟು ಎನ್ನುವುದಕ್ಕೆ ಕೆಲವು ಲೆಕ್ಕ ನೋಡಿ. ಜರ್ಮನಿಯಲ್ಲಿ ನೀರು, ಹೀಟಿಂಗ್ ಇತ್ಯಾದಿ ಬಿಟ್ಟು ಬರೀ ಮನೆ ಬಾಡಿಗೆಯ ಮೂರು ತಿಂಗಳ ಮೊತ್ತ ಮಿತಿ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕಿದೆ. ಇಂಗ್ಲೆಂಡಿನಲ್ಲಿ 2019ರ ಕಾಯ್ದೆಯಿಂದ, ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ, ಐದು ವಾರದ ಬಾಡಿಗೆ. ನ್ಯೂಯಾರ್ಕ್ ರಾಜ್ಯದಲ್ಲಿ ಅದೇ 2019ರಿಂದ ಒಂದು ತಿಂಗಳು. ಒಂಟಾರಿಯೊದಲ್ಲಿ ಹಾನಿಗೆಂದು ಅಡ್ವಾನ್ಸ್ ಕೇಳುವಂತೆಯೇ ಇಲ್ಲ. ಕೊನೆಯ ತಿಂಗಳ ಬಾಡಿಗೆಯನ್ನು ಮಾತ್ರ ಮೊದಲೇ ತೆಗೆದುಕೊಳ್ಳಬಹುದು.

ಎಲ್ಲಿ ಇಡಬೇಕು ಎನ್ನುವುದು ಇನ್ನೂ ಮುಖ್ಯ. ಓನರ ಜೇಬಿಗೆ ಹೋದ ದುಡ್ಡು ಹೊರಬರುವುದು ಎಷ್ಟು ಕಷ್ಟ ಎಂದು ಗೊತ್ತಲ್ಲ. ಇಂಗ್ಲೆಂಡಿನಲ್ಲಿ 2007ರಿಂದ, ಸರ್ಕಾರದ ಒಪ್ಪಿಗೆ ಇರುವ ಯೋಜನೆಯೊಂದರಲ್ಲಿ ಅಡ್ವಾನ್ಸಿಗೆ ರಕ್ಷಣೆ ಕೊಡಿಸಬೇಕು, ಅದೂ 30 ದಿನದೊಳಗೆ. ಮಾಡದಿದ್ದರೆ ಅಡ್ವಾನ್ಸಿನ ಒಂದರಿಂದ ಮೂರು ಪಟ್ಟು ಬಾಡಿಗೆದಾರನಿಗೆ ಕೊಡುವಂತೆ ಕೋರ್ಟ್ ಹೇಳಬಹುದು. ನ್ಯೂಜಿಲೆಂಡ್‌ನಲ್ಲಿ ದುಡ್ಡನ್ನು ಸರ್ಕಾರದ ಬಾಡಿಗೆ ಸೇವಾ ವಿಭಾಗದಲ್ಲೇ ಇಡಬೇಕು. ನಿಮ್ಮ ಕಡೆ ಇಂಥ ವ್ಯವಸ್ಥೆ ಇದ್ದರೆ ಇಟ್ಟಿದ್ದಕ್ಕೆ ಪುರಾವೆ ಕೇಳಿ. ಇಲ್ಲದಿದ್ದರೆ ದುಡ್ಡನ್ನು ಬ್ಯಾಂಕಿನ ಮೂಲಕವೇ ಕಳಿಸಿ, ವಿವರದಲ್ಲಿ "ಅಡ್ವಾನ್ಸ್" ಎಂದು ಬರೆಯಿರಿ. ನಗದು ಕೊಟ್ಟರೆ ಸಹಿ ಇರುವ ರಸೀದಿ ಬೇಕೇ ಬೇಕು. ತಿಂಗಳ ಬಾಡಿಗೆಗೂ ಇದೇ ಮಾತು.

ವಾಪಸ್ ಯಾವಾಗ ಎನ್ನುವುದಕ್ಕೆ ಕೊನೆಯ ಹೆಜ್ಜೆಯಲ್ಲಿ ಬರೋಣ.

ಹೆಜ್ಜೆ 5: ರಿಪೇರಿ ಮತ್ತು ಬಾಡಿಗೆ ತಡೆಹಿಡಿಯುವ ಆಸೆ

ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಎನ್ನುವುದು ಈಗ ಬಹುತೇಕ ಕಡೆ ಓನರ ಹೊಣೆ. ಹಿಂದೆ ಹಾಗಿರಲಿಲ್ಲ. ನೋಡಿ ತಗೊಂಡೆಯಲ್ಲ, ಇನ್ನು ನಿನ್ನ ಹಣೆಬರಹ ಎನ್ನುವುದೇ ನಿಯಮವಾಗಿತ್ತು. ಅಮೆರಿಕದಲ್ಲಿ ಇದು ಬದಲಾಗಲು 1970ರಲ್ಲಿ ವಾಷಿಂಗ್ಟನ್ ನಗರದ ಬಾಡಿಗೆದಾರರು ಹೋರಾಡಿದ ಜಾವಿನ್ಸ್ ಪ್ರಕರಣ ದೊಡ್ಡ ಕಾರಣ. ನಗರದಲ್ಲಿ ಬಾಡಿಗೆಗೆ ಬರುವವರು ಕೇಳುವುದು ಬರೀ ನಾಲ್ಕು ಗೋಡೆಯನ್ನಲ್ಲ, ನೀರು, ಬೆಳಕು, ಬೆಚ್ಚಗಿನ ಸೂರು ಎಲ್ಲ ಸೇರಿದ ವಾಸವನ್ನು ಎಂದು ಕೋರ್ಟ್ ಒಪ್ಪಿತು.

ಸಾಮಾನ್ಯವಾಗಿ ಚಾವಣಿ, ಗೋಡೆ, ನೀರಿನ ಪೈಪು, ಚರಂಡಿ, ಕರೆಂಟಿನ ವೈರಿಂಗ್ ಓನರದ್ದು. ಬಲ್ಬು ಬದಲಿಸುವುದು, ಸ್ವಚ್ಛತೆ, ನಿಮ್ಮ ಕೈಯಿಂದಲೇ ಮುರಿದದ್ದು ನಿಮ್ಮದು. ನಡುವೆ ಒಂದು ಮಸುಕಾದ ಜಾಗ ಇದೆ, ಜಗಳ ಹುಟ್ಟುವುದು ಅಲ್ಲೇ. ಬೂಸ್ಟು ಅದಕ್ಕೆ ಒಳ್ಳೆಯ ಉದಾಹರಣೆ. "ಕಿಟಕಿ ತೆಗೆಯಲ್ಲ, ಒಳಗೇ ಬಟ್ಟೆ ಒಣಗಿಸ್ತೀರಿ, ಅದಕ್ಕೇ ಬೂಸ್ಟು" ಎಂದು ಬಾಡಿಗೆದಾರರ ಮೇಲೆಯೇ ಹಾಕುವುದು ಹಳೆ ಚಾಳಿ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 2020ರಲ್ಲಿ ಎರಡು ವರ್ಷದ ಮಗುವೊಂದು ಬೂಸ್ಟು ತುಂಬಿದ ಮನೆಯಲ್ಲಿದ್ದು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ತಂದೆ ತಾಯಿ ಮತ್ತೆ ಮತ್ತೆ ದೂರು ಕೊಟ್ಟಿದ್ದರು. ಆ ಮಗುವಿನ ಹೆಸರಲ್ಲೇ ಬಂದ ಅವಾಬ್ ಕಾನೂನು 2025ರ ಅಕ್ಟೋಬರ್‌ನಿಂದ ಅಲ್ಲಿನ ಸಾಮಾಜಿಕ ವಸತಿಗಳಲ್ಲಿ, ಅಂದರೆ ಸ್ಥಳೀಯ ಆಡಳಿತ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಲ್ಲಿ, ಜಾರಿಯಲ್ಲಿದೆ. ತುರ್ತು ಅಪಾಯಕ್ಕೆ 24 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು, ಗಂಭೀರ ತೇವ ಮತ್ತು ಬೂಸ್ಟಿನ ದೂರು ಬಂದರೆ 10 ಕೆಲಸದ ದಿನದೊಳಗೆ ತನಿಖೆ ಮಾಡಬೇಕು.

ನೀವು ಮಾಡಬೇಕಾದ್ದು ಇಷ್ಟು. ತೊಂದರೆ ಕಂಡ ದಿನವೇ ಬರವಣಿಗೆಯಲ್ಲಿ ತಿಳಿಸಿ. ಫೋನಿನಲ್ಲಿ ಹೇಳಿದ್ದರೆ ಆಮೇಲೆ ಒಂದು ಮೆಸೇಜ್ ಹಾಕಿ. ಹೀಗೆ ಬರೆಯಬಹುದು:

"ನಮಸ್ಕಾರ ಸಾರ್. ಇವತ್ತು ಬೆಳಿಗ್ಗೆ ಮಾತಾಡಿದಂತೆ, ಬಾತ್‌ರೂಮಿನ ಚಾವಣಿಯಿಂದ ನೀರು ಸೋರುತ್ತಿದೆ. ಮೂರು ಫೋಟೋ ಲಗತ್ತಿಸಿದ್ದೇನೆ. ಸ್ವಿಚ್‌ಬೋರ್ಡ್ ಹತ್ತಿರವೇ ಇರುವುದರಿಂದ ಅಪಾಯ ಇದೆ. ದಯವಿಟ್ಟು ಏಳು ದಿನದೊಳಗೆ ಸರಿ ಮಾಡಿಸಿ. ಕೆಲಸದವರು ಯಾವ ದಿನ, ಯಾವ ಹೊತ್ತಿಗೆ ಬರುತ್ತಾರೆ ತಿಳಿಸಿದರೆ ಮನೆಯಲ್ಲಿರುತ್ತೇನೆ."

ಸಿಟ್ಟು ಇಲ್ಲ, ಬೆದರಿಕೆ ಇಲ್ಲ. ಏನಾಗಿದೆ, ಏನು ಬೇಕು, ಯಾವಾಗಿನೊಳಗೆ, ಅಷ್ಟೇ. ಮುಂದೊಂದು ದಿನ ಇದನ್ನು ನ್ಯಾಯಾಧೀಶರು ಓದಬಹುದು ಎಂದುಕೊಂಡು ಬರೆಯಿರಿ. ಗಡುವು ಮುಗಿದರೆ ಎರಡನೇ ಪತ್ರ ಬರೆದು, ಮೊದಲನೆಯದರ ತಾರೀಖು ಅದರಲ್ಲಿ ಹಾಕಿ. ಅದಕ್ಕೂ ಉತ್ತರ ಇಲ್ಲದಿದ್ದರೆ ನಗರಸಭೆಯ ಆರೋಗ್ಯ ವಿಭಾಗ, ಕಟ್ಟಡ ವಿಭಾಗ ಅಥವಾ ಬಾಡಿಗೆ ಮಂಡಳಿಗೆ ದೂರು.

"ರಿಪೇರಿ ಮಾಡಲ್ಲ ಅಲ್ವಾ, ನಾನೂ ಬಾಡಿಗೆ ಕೊಡಲ್ಲ." ಈ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಬಾಡಿಗೆದಾರರು ಗೆಲ್ಲಬೇಕಾದ ಜಗಳವನ್ನು ಸೋಲುವುದು ಹೆಚ್ಚಾಗಿ ಇಲ್ಲೇ. ಬಾಡಿಗೆ ನಿಂತ ಕ್ಷಣ ಜಗಳದ ವಿಷಯ ಸೋರುವ ಚಾವಣಿ ಅಲ್ಲ, ನಿಮ್ಮ ಬಾಕಿ. ಕೆಲವು ಕಾನೂನು ಬಾಡಿಗೆ ಕಡಿತಕ್ಕೆ ದಾರಿ ಕೊಡುತ್ತವೆ, ಆದರೆ ಆ ದಾರಿ ಕಿರಿದು. ಭಾರತದ 1882ರ ಕಾಯ್ದೆಯ 108ನೇ ಕಲಮಿನ ಪ್ರಕಾರ, ಓನರು ಮಾಡಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ಕರಾರಿನಲ್ಲಿ ಬೇರೆ ರೀತಿ ಬರೆದಿರಬಾರದು, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲೂ ಹೀಗೆ ಕಳೆಯಬಹುದು, ಆದರೆ ಒಂದು ಸಲಕ್ಕೆ ಒಂದು ತಿಂಗಳ ಬಾಡಿಗೆ ಮೀರುವಂತಿಲ್ಲ, 12 ತಿಂಗಳಲ್ಲಿ ಎರಡು ಸಲಕ್ಕಿಂತ ಹೆಚ್ಚಿಲ್ಲ. ಜರ್ಮನಿಯಲ್ಲಿ ದೋಷ ಇರುವಷ್ಟು ದಿನ ಬಾಡಿಗೆ ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಕಾನೂನು ಹೇಳುತ್ತದೆ. ಆದರೆ ನೀವು ಲೆಕ್ಕ ತಪ್ಪಿ ಜಾಸ್ತಿ ಕಳೆದರೆ ಅದು ಬಾಕಿ ಎಂದೇ ನಿಲ್ಲುತ್ತದೆ, ಬಾಕಿ ಬೆಳೆದರೆ ಮನೆಗೇ ಕುತ್ತು. ಹಾಗಾಗಿ ಕಳೆಯುವ ಮುಂಚೆ ವಕೀಲರನ್ನೋ ಬಾಡಿಗೆದಾರರ ಸಂಘವನ್ನೋ ಕೇಳಿ. ಅಲ್ಲಿಯವರೆಗೆ ಪೂರ್ತಿ ಬಾಡಿಗೆ, ಸರಿಯಾದ ತಾರೀಖಿಗೆ.

ದೂರು ಕೊಟ್ಟಿದ್ದಕ್ಕೇ ಸೇಡು ತೀರಿಸಿಕೊಳ್ಳುವ ಓನರುಗಳೂ ಇದ್ದಾರೆ. ಇದಕ್ಕೂ ಕೆಲವೆಡೆ ಕಡಿವಾಣ ಇದೆ. ಕ್ಯಾಲಿಫೋರ್ನಿಯಾದಲ್ಲಿ, ಬಾಡಿಗೆ ಬಾಕಿ ಇಲ್ಲದವರು ದೂರು ಕೊಟ್ಟ 180 ದಿನದೊಳಗೆ ಅದಕ್ಕೆ ಪ್ರತೀಕಾರವಾಗಿ ಬಾಡಿಗೆ ಏರಿಸುವುದು, ಬಿಡಿಸುವುದು ಕಾನೂನುಬಾಹಿರ. "ಬಾಕಿ ಇಲ್ಲದವರು" ಎಂಬ ಮಾತನ್ನು ಗಮನಿಸಿದಿರಾ?

ಹೆಜ್ಜೆ 6: ನಿಮ್ಮ ಬಾಗಿಲು ನಿಮ್ಮದು

ಬಾಡಿಗೆ ಕೊಟ್ಟಷ್ಟು ಕಾಲ ಮನೆಯ ಸ್ವಾಧೀನ ನಿಮ್ಮದು. ಒಡೆತನ ಅವರದ್ದು, ಅಷ್ಟೇ. ತಪಾಸಣೆಗೆ, ರಿಪೇರಿಗೆ ಬರಬೇಕಾದರೆ ಮುಂಚೆ ತಿಳಿಸಬೇಕು. ಇಂಗ್ಲೆಂಡ್, ಒಂಟಾರಿಯೊ, ಕ್ಯಾಲಿಫೋರ್ನಿಯಾ, ಭಾರತದ ಮಾದರಿ ಕಾಯ್ದೆ, ನಾಲ್ಕರಲ್ಲೂ ಸಾಮಾನ್ಯ ಲೆಕ್ಕ 24 ಗಂಟೆ. ಒಂಟಾರಿಯೊದಲ್ಲಿ ಹಾಗೆ ತಿಳಿಸಿ ಬರುವುದೂ ಬೆಳಿಗ್ಗೆ 8ರಿಂದ ರಾತ್ರಿ 8ರೊಳಗೆ. ಬೆಂಕಿ, ಪೈಪು ಒಡೆದದ್ದು ಇಂಥ ತುರ್ತಿಗೆ ವಿನಾಯಿತಿ ಇದ್ದೇ ಇದೆ.

ಓನರು ಪದೇ ಪದೇ ಬರುತ್ತಿದ್ದರೆ ಬಂದ ದಿನ, ಹೊತ್ತು ಬರೆದಿಡಿ. ಒಂದು ಸೌಮ್ಯವಾದ ಮೆಸೇಜ್ ಸಾಕಾಗುತ್ತದೆ ಹೆಚ್ಚಿನ ಸಲ. ಅಪ್ಪ ಅಮ್ಮನ ವಯಸ್ಸಿನವರಾದರೆ ಮುಖಕ್ಕೆ ಹೇಳುವುದು ನಮಗೆ ಕಷ್ಟ, ಅದು ನನಗೂ ಗೊತ್ತು. ಬರೆದು ಹೇಳುವುದು ಅದಕ್ಕೇ ಸುಲಭ.

ಹೆಜ್ಜೆ 7: ಬಾಡಿಗೆ ಏರಿಕೆ

ಕರಾರಿನ ಅವಧಿ ಮುಗಿಯುವ ಮೊದಲು, ಅದರಲ್ಲಿ ಬರೆಯದ ಏರಿಕೆಯನ್ನು ಒಬ್ಬರೇ ಹೇರುವಂತಿಲ್ಲ. ಇದು ಹೆಚ್ಚೂಕಡಿಮೆ ಎಲ್ಲ ಕಡೆ ಒಂದೇ. ಅವಧಿ ಮುಗಿದ ಮೇಲೆ ಕಾನೂನು ಬೇರೆ ಬೇರೆ. ಒಂಟಾರಿಯೊದಲ್ಲಿ 12 ತಿಂಗಳಿಗೊಮ್ಮೆ ಮಾತ್ರ, ಅದೂ 90 ದಿನದ ಲಿಖಿತ ನೋಟಿಸು ಕೊಟ್ಟು. ಜರ್ಮನಿಯಲ್ಲಿ ಸುತ್ತಮುತ್ತಲಿನ ಬಾಡಿಗೆ ಮಟ್ಟಕ್ಕೆ ಏರಿಸುವಾಗ ಮೂರು ವರ್ಷದಲ್ಲಿ ಶೇ 20 ಮೀರಬಾರದು, ಮನೆ ಕೊರತೆ ಇರುವ ನಗರಗಳಲ್ಲಿ ಶೇ 15. ದುಬೈನಲ್ಲಿ ನವೀಕರಣಕ್ಕೆ 90 ದಿನ ಮೊದಲು ತಿಳಿಸಬೇಕು, ಏರಿಕೆಯ ಮಿತಿ ಮಾರುಕಟ್ಟೆ ಬಾಡಿಗೆಗೆ ಹೋಲಿಸಿ ಸೊನ್ನೆಯಿಂದ ಶೇ 20ರವರೆಗೆ. ನಿಮ್ಮ ಕಡೆ ಮಿತಿಯೇ ಇಲ್ಲದಿದ್ದರೆ ಚೌಕಾಸಿಯೇ ದಾರಿ. ಸರಿಯಾಗಿ ಬಾಡಿಗೆ ಕೊಟ್ಟ ದಾಖಲೆ ಅಲ್ಲೂ ನಿಮ್ಮ ಕೈ ಹಿಡಿಯುತ್ತದೆ.

ಹೆಜ್ಜೆ 8: "ಖಾಲಿ ಮಾಡಿ" ಎಂದಾಗ

ಮೊದಲು ಉಸಿರು ಎಳೆದುಕೊಳ್ಳಿ. ನೋಟಿಸು ಬಂದ ಮಾತ್ರಕ್ಕೆ ಮನೆ ಹೋಗಲಿಲ್ಲ. ಒಬ್ಬರನ್ನು ಮನೆಯಿಂದ ಹೊರಹಾಕಲು ಸಾಮಾನ್ಯವಾಗಿ ಮೂರು ಮೆಟ್ಟಿಲು ಇರುತ್ತವೆ: ನೋಟಿಸು, ಕೋರ್ಟಿನ ಆದೇಶ, ಆ ಆದೇಶವನ್ನು ಜಾರಿ ಮಾಡುವ ಸರ್ಕಾರಿ ಅಧಿಕಾರಿ. ಓನರು ತಾನೇ ಬೀಗ ಬದಲಿಸುವುದು, ನೀರು ಕರೆಂಟು ಕಡಿಯುವುದು, ಸಾಮಾನು ಹೊರಗೆ ಎಸೆಯುವುದು ಇದರಲ್ಲಿ ಯಾವುದೂ ಅಲ್ಲ. ಇಂಗ್ಲೆಂಡಿನಲ್ಲಿ 1977ರ ಕಾಯ್ದೆಯ ಪ್ರಕಾರ ಅದು ಅಪರಾಧ. ನ್ಯೂಯಾರ್ಕಿನಲ್ಲಿ 30 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ವಾಸವಿದ್ದವರನ್ನು ಹೀಗೆ ಹೊರಗಟ್ಟುವುದೂ ಅಪರಾಧವೇ. ಭಾರತದಲ್ಲಿ ಕಾನೂನಿನ ದಾರಿ ಬಿಟ್ಟು ಸ್ವಾಧೀನ ಕಿತ್ತುಕೊಂಡರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಕೇಳಬಹುದು. ಒಡೆಯ ಯಾರು ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ಬೀಗ ಬದಲಿಸಿದ್ದನ್ನು ಕಂಡರೆ ಬಾಗಿಲು ಒಡೆಯಬೇಡಿ. ವಿಡಿಯೋ ಮಾಡಿ, ಪೊಲೀಸರಿಗೆ ಕರೆ ಮಾಡಿ, ಕರಾರು ಪತ್ರ ತೋರಿಸಿ. "ಇದು ಸಿವಿಲ್ ವಿಷಯ" ಎಂದು ಅವರು ಕೈ ತೊಳೆದುಕೊಂಡರೂ ದೂರು ಕೊಟ್ಟಿದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ.

ನೋಟಿಸನ್ನು ಕೂತು ಓದಿ. ಯಾವ ತಾರೀಖಿನದು, ಯಾವ ಕಾರಣ, ಎಷ್ಟು ದಿನ. ಈ ದಿನಗಳ ಲೆಕ್ಕ ತಪ್ಪಿದ್ದರೆ ನೋಟಿಸೇ ಬಿದ್ದುಹೋಗಬಹುದು. ಭಾರತದಲ್ಲಿ ತಿಂಗಳ ಬಾಡಿಗೆಯ ಮನೆಗೆ, ಬೇರೆ ಕರಾರು ಇಲ್ಲದಿದ್ದರೆ, 15 ದಿನದ ನೋಟಿಸು. ಜರ್ಮನಿಯಲ್ಲಿ ಓನರು ಮೂರು ತಿಂಗಳು ಕೊಡಬೇಕು. ನೀವು ಐದು ವರ್ಷ ಮೀರಿ ಇದ್ದರೆ ಆರು ತಿಂಗಳು, ಎಂಟು ವರ್ಷ ಮೀರಿದ್ದರೆ ಒಂಬತ್ತು. ದುಬೈನಲ್ಲಿ ಮನೆ ಮಾರಲು ಅಥವಾ ತಾನೇ ವಾಸಿಸಲು ಬೇಕು ಎಂದರೆ 12 ತಿಂಗಳು ಮುಂಚೆ ತಿಳಿಸಬೇಕು. ಇಂಗ್ಲೆಂಡಿನಲ್ಲಿ ಕಾರಣವನ್ನೇ ಹೇಳದೆ ಬಿಡಿಸುವ ಪದ್ಧತಿ ದಶಕಗಳಿಂದ ಇತ್ತು. 2025ರ ಬಾಡಿಗೆದಾರರ ಹಕ್ಕು ಕಾಯ್ದೆ ಅದನ್ನು ತೆಗೆದುಹಾಕಿದೆ. ಜಾರಿಗೆ ನಿಗದಿಯಾದ ದಿನ 2026ರ ಮೇ 1. ಫ್ರಾನ್ಸಿನಲ್ಲಿ ಇನ್ನೊಂದು ಮಾನವೀಯ ನಿಯಮ ಇದೆ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಚಳಿಗಾಲ ಎಂಬ ಕಾರಣಕ್ಕೆ, ಕೋರ್ಟ್ ಆದೇಶ ಇದ್ದರೂ ಸಾಮಾನ್ಯವಾಗಿ ಯಾರನ್ನೂ ಹೊರಹಾಕುವಂತಿಲ್ಲ.

"ಮನೆ ಮಾರಿಬಿಟ್ಟಿದ್ದೇನೆ, ಹೊಸ ಓನರು ಬರ್ತಾರೆ, ನೀವು ಹೊರಡಿ" ಎನ್ನುವುದು ಇನ್ನೊಂದು ಸಾಮಾನ್ಯ ಮಾತು. ಭಾರತದಲ್ಲೂ ಜರ್ಮನಿಯಲ್ಲೂ ಮನೆ ಮಾರಿದರೆ ಬಾಡಿಗೆ ಸಂಬಂಧ ಮುರಿಯುವುದಿಲ್ಲ. ಕೊಂಡವರು ಹಳೆ ಓನರ ಜಾಗಕ್ಕೆ ಬರುತ್ತಾರೆ. ಅಡ್ವಾನ್ಸ್ ಯಾರ ಕೈಗೆ ಹೋಯಿತು ಎಂದು ಮಾತ್ರ ಇಬ್ಬರಿಂದಲೂ ಬರೆಸಿಕೊಳ್ಳಿ.

ಕೋರ್ಟಿನಿಂದ ಕಾಗದ ಬಂದರೆ ಅದನ್ನು ಡ್ರಾಯರಿನಲ್ಲಿ ಹಾಕಿ ಮರೆಯಬೇಡಿ. ಹೋಗದಿದ್ದರೆ ಓನರು ಹೇಳಿದ್ದೇ ನಿಜ ಎಂದು ಆದೇಶ ಆಗಿಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಉತ್ತರ ಕೊಡಲು ಸಿಗುವುದು ಕೋರ್ಟಿನ 10 ಕೆಲಸದ ದಿನ, 2025ಕ್ಕೆ ಮುಂಚೆ ಐದೇ ದಿನ ಇತ್ತು. ವಕೀಲರಿಗೆ ದುಡ್ಡಿಲ್ಲ ಎಂದು ಕೈಚೆಲ್ಲಬೇಡಿ. ಭಾರತದಲ್ಲಿ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯ ಕಡಿಮೆ ಇರುವವರಿಗೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ. ಜರ್ಮನಿಯಲ್ಲಿ ಬಾಡಿಗೆದಾರರ ಸಂಘಕ್ಕೆ ವರ್ಷಕ್ಕಿಷ್ಟು ಎಂದು ಕೊಟ್ಟು ಸದಸ್ಯರಾದರೆ ಸಲಹೆ ಸಿಗುತ್ತದೆ. ಒಂದೇ ಕಟ್ಟಡದಲ್ಲಿ ಹತ್ತು ಮನೆಗೂ ಒಂದೇ ತೊಂದರೆ ಇದ್ದರೆ ಒಟ್ಟಿಗೆ ಬರೆಯಿರಿ. ಬೆಕ್ಕಿಗೆ ಗಂಟೆ ಕಟ್ಟಲು ಒಬ್ಬರೇ ಹೋದರೆ ಪರಚಿಸಿಕೊಳ್ಳುವುದೂ ಒಬ್ಬರೇ.

ಒಂದು ಉಪಕಥೆ: ಜನಾಂಗ, ಧರ್ಮ, ಅಂಗವೈಕಲ್ಯ, ಮಕ್ಕಳಿದ್ದಾರೆ ಎಂಬ ಕಾರಣಕ್ಕೆ ಮನೆ ನಿರಾಕರಿಸುವುದು ಅಮೆರಿಕದಲ್ಲಿ 1968ರ ನ್ಯಾಯಯುತ ವಸತಿ ಕಾಯ್ದೆ ಮತ್ತು ಅದರ ತಿದ್ದುಪಡಿಗಳಿಂದ ನಿಷಿದ್ಧ. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆ ಇದೆ. ಹೀಗಾದಾಗ ನಿರಾಕರಣೆಯ ಮಾತನ್ನು ಮೆಸೇಜಿನಲ್ಲಿ ಬರುವಂತೆ ನೋಡಿಕೊಳ್ಳಿ. ಬಾಯಿಮಾತನ್ನು ಸಾಬೀತು ಮಾಡುವುದು ಬಹಳ ಕಷ್ಟ.

ಹೆಜ್ಜೆ 9: ನೀವೇ ಬಿಡುವಾಗ

ನೋಟಿಸು ಬರವಣಿಗೆಯಲ್ಲಿ, ಕರಾರಿನಲ್ಲಿ ಹೇಳಿದಷ್ಟು ದಿನ ಮೊದಲು. ಅವಧಿಗೆ ಮುಂಚೆ ಹೊರಡಬೇಕಾದರೆ ಕರಾರಿನಲ್ಲಿ ಅದಕ್ಕೆ ದಾರಿ ಇದೆಯಾ ನೋಡಿ. ಕೆಲವರಿಗೆ ಕಾನೂನೇ ದಾರಿ ಕೊಡುತ್ತದೆ. ಅಮೆರಿಕದಲ್ಲಿ ಸೇನೆಯಿಂದ ವರ್ಗವಾದವರಿಗೆ, ಹಲವು ರಾಜ್ಯಗಳಲ್ಲಿ ಮನೆಯೊಳಗಿನ ಹಿಂಸೆಯಿಂದ ಪಾರಾಗುವವರಿಗೆ ಈ ರಕ್ಷಣೆ ಇದೆ.

ಹಲವರು ಕೊನೆಯ ತಿಂಗಳ ಬಾಡಿಗೆಯನ್ನು "ಅಡ್ವಾನ್ಸಿನಲ್ಲಿ ಹಿಡ್ಕೊಳ್ಳಿ" ಎಂದು ನಿಲ್ಲಿಸುತ್ತಾರೆ. ಓನರು ಬರೆದು ಒಪ್ಪಿದ್ದರೆ ಸರಿ. ಇಲ್ಲದಿದ್ದರೆ ಅದು ಬಾಕಿಯೇ.

ಸಾಮಾನು ಸಾಗಿಸಿ, ಗುಡಿಸಿ ಒರೆಸಿದ ಮೇಲೆ ಮೊದಲ ದಿನದ ವಿಡಿಯೋ ಹಾಕಿಕೊಂಡು ಅದೇ ಕ್ರಮದಲ್ಲಿ ಇನ್ನೊಂದು ಮಾಡಿ. ಓನರು ಜೊತೆಗಿದ್ದರೆ ಒಳ್ಳೆಯದು. ಬೀಗದ ಕೈ ಎಷ್ಟು ಕೊಟ್ಟಿರಿ, ಯಾವ ದಿನ ಕೊಟ್ಟಿರಿ ಎಂದು ಮೆಸೇಜ್ ಹಾಕಿ. ಹಲವು ಕಡೆ ಅಡ್ವಾನ್ಸ್ ವಾಪಸಿನ ದಿನ ಎಣಿಸುವುದು ಮನೆ ಖಾಲಿ ಮಾಡಿದ ದಿನದಿಂದ. ನ್ಯೂಯಾರ್ಕಿನಲ್ಲಿ 14 ದಿನ, ಕ್ಯಾಲಿಫೋರ್ನಿಯಾದಲ್ಲಿ 21 ದಿನ. ಏನಾದರೂ ಹಿಡಿದುಕೊಂಡರೆ ಯಾವುದಕ್ಕೆ ಎಷ್ಟು ಎಂದು ಪಟ್ಟಿ ಕೊಡಬೇಕು. ನ್ಯೂಯಾರ್ಕಿನಲ್ಲಿ ಆ ಗಡುವು ತಪ್ಪಿದರೆ ಹಿಡಿದುಕೊಳ್ಳುವ ಹಕ್ಕೇ ಹೋಗುತ್ತದೆ.

ಬಳಸಿದ ಸವೆತಕ್ಕೆ ದುಡ್ಡು ಹಿಡಿಯುವಂತಿಲ್ಲ ಎನ್ನುವುದು ತುಂಬಾ ಕಡೆ ಇರುವ ನಿಯಮ. ಜಪಾನ್ ಇದನ್ನು 2020ರ ಏಪ್ರಿಲ್‌ನಿಂದ ತನ್ನ ಸಿವಿಲ್ ಸಂಹಿತೆಯಲ್ಲೇ ಬರೆದುಕೊಂಡಿದೆ. ಬಿಸಿಲಿಗೆ ಮಾಸಿದ ಬಣ್ಣ, ಸೋಫಾ ಇಟ್ಟಲ್ಲಿ ನೆಲದ ಗುರುತು ಸವೆತ. ಒಡೆದ ವಾಷ್‌ಬೇಸಿನ್, ಗೋಡೆಯಲ್ಲಿ ದೊಡ್ಡ ತೂತು ಹಾನಿ. ಹಾನಿಯಾದರೂ ಹಳೆ ವಸ್ತುವಿಗೆ ಹೊಸದರ ಪೂರ್ತಿ ಬೆಲೆ ಹಾಕುವುದು ಸರಿಯಲ್ಲ. ಅದರ ಉಳಿದ ಆಯುಸ್ಸಿಗೆ ತಕ್ಕಷ್ಟೇ ಕೇಳಬೇಕು ಎಂದು ವಾದಿಸಿ. ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಎಂದು ಕರಾರಿನಲ್ಲೇ ಬರೆದು ನೀವು ಸಹಿ ಹಾಕಿದ್ದರೆ ವಾದ ಕಷ್ಟ, ಅದಕ್ಕೇ ಎರಡನೇ ಹೆಜ್ಜೆ ಅಷ್ಟು ಉದ್ದ ಬರೆದದ್ದು.

ದಿನ ಕಳೆದರೂ ದುಡ್ಡು ಬರದಿದ್ದರೆ ಮೊದಲು ಒಂದು ಪತ್ರ: ಮೊತ್ತ, ಬೀಗದ ಕೈ ಕೊಟ್ಟ ದಿನ, ಬ್ಯಾಂಕ್ ಖಾತೆ, 14 ದಿನದ ಗಡುವು. ಆಮೇಲೂ ಬರದಿದ್ದರೆ ಬಾಡಿಗೆ ಮಂಡಳಿ, ಅಡ್ವಾನ್ಸ್ ರಕ್ಷಣಾ ಯೋಜನೆಯ ಮಧ್ಯಸ್ಥರು ಅಥವಾ ಸಣ್ಣ ಮೊತ್ತದ ಕೋರ್ಟು. ಇಂಥ ಕೋರ್ಟುಗಳಲ್ಲಿ ಹಲವೆಡೆ ವಕೀಲರಿಲ್ಲದೆ ನೀವೇ ನಿಂತು ಮಾತಾಡಬಹುದು. ದುಡ್ಡಿನ ದಾವೆ ಹೂಡಲು ಭಾರತದಲ್ಲಿ ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ ಇದೆ, ಇಂಗ್ಲೆಂಡಿನಲ್ಲಿ ಆರು. ಹಾಗಾಗಿ ಹೊಸ ಮನೆಗೆ ಹೋದ ಖುಷಿಯಲ್ಲಿ ಹಳೆ ಮನೆಯ ವಿಡಿಯೋ, ಮೆಸೇಜ್, ರಸೀದಿ ಯಾವುದನ್ನೂ ಅಳಿಸಬೇಡಿ. ಫೋನ್ ಬದಲಿಸುವಾಗಲಂತೂ ಮೊದಲು ಅದನ್ನು ಬೇರೆ ಕಡೆ ಉಳಿಸಿಟ್ಟುಕೊಳ್ಳಿ.